ಕಾಳಮ್ಮನ ಹಗೇವು

ಯಾವ ಸೀಮೆ ವಾಸಕ್ಕೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನೀಗ ಬಾಯಿ ತೆರೆಯುವುದಿಲ್ಲ. ಮೊದಲು ಹಾಗಿರಲಿಲ್ಲ. ಕೇಳದವರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದೆ. ಇಪ್ಪತ್ನಾಲ್ಕು ವರ್ಷದ ಪ್ರೈಮರಿ ಶಾಲೆಯ ಮೇಷ್ಟ್ರಿಗೆ ಗೊತ್ತಿಲ್ಲದ ಸಂಗತಿ ಲೋಕದಲ್ಲಿ ಯಾವುದಿದೆ? ಆ ಚಟ ಬಿಡಿಸಿದವರು ಕಾಳಮ್ಮ. ನನ್ನ ಆ ಚಟದಿಂದ ಅವರು ಪಟ್ಟ ಪಾಡನ್ನು ನಾನೇ ಹೇಳಬೇಕು, ಹೇಳುವವರು ಇನ್ನಾರೂ ಉಳಿದಿಲ್ಲ.

ನನ್ನದು ಭಾಗಮಂಡಲದ ದಾರಿಯಲ್ಲಿರುವ ಚೆಟ್ಟಿಮಾನಿ. ಹೆಸರು ಬೊಳ್ಳಪ್ಪ. ೧೯೫೮ರ ಜೂನಿನಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವೂ ತುಂಬದಿದ್ದಾಗ, ನನಗೆ ಕುಶಾಲನಗರದಿಂದ ಮೂರು ಮೈಲಿ ದೂರದ ಒಂದು ಹಳ್ಳಿಯ ಶಾಲೆಗೆ ಕೆಲಸದ ಆರ್ಡರ್ ಬಂತು. ನಮ್ಮ ಕಡೆ ಆಗಲೇ ಜಡಿಮಳೆ ಹಿಡಿದಿತ್ತು. ಕೊಡೆ ಹಿಡಿದುಕೊಂಡು ಬಸ್ಸು ಹತ್ತಿದವನು ಇಲ್ಲಿ ಇಳಿದಾಗ ಬಿಸಿಲು. ನೆಲದಲ್ಲಿ ಧೂಳು. ಒಂದೇ ಜಿಲ್ಲೆಯಲ್ಲಿ ಹೀಗೂ ಉಂಟೇ ಎಂದು ನನಗೆ ಸಿಟ್ಟೇ ಬಂತು. ಅಂದಿನಿಂದಲೇ ನಾನು ವರ್ಗಾವಣೆಗೆ ಅರ್ಜಿ ಬರೆಯಲು ಶುರು ಮಾಡಿದೆ.

ಮಾರನೆಯ ವರ್ಷ ಶಿವರಾತ್ರಿಯ ಹೊತ್ತಿಗೆ ಅರಸೀಕೆರೆಯಿಂದಾಚೆಯ ಬಿಳಿಗುಡ್ಡ ಎಂಬ ಹಳ್ಳಿಯಿಂದ ಒಂದು ಸಂಸಾರ ನಮ್ಮ ಶಾಲೆಯ ಪಕ್ಕಕ್ಕೆ ಬಂದು ನೆಲೆಸಿತು. ಪುಟ್ಟರಾಜು, ಅವನ ಹೆಂಡತಿ ರಾಮಮ್ಮ, ಅವನ ತಾಯಿ ಕಾಳಮ್ಮ. ಊರಿನ ಜಮೀನಿನಲ್ಲಿ ದಾಯಾದಿಗಳ ಪಾಲು ಆದಮೇಲೆ ಪುಟ್ಟರಾಜುವಿಗೆ ಉಳಿದದ್ದು ಒಂದು ಕಲ್ಲುಹೊಲ. ಅದನ್ನು ಚಿಕ್ಕಪ್ಪನಿಗೆ ಬಿಟ್ಟು ಇಲ್ಲಿ ಹೊಳೆಯ ಹತ್ತಿರ ಮೂರು ಎಕರೆ ಹಿಡಿದಿದ್ದ. ಮನೆ ಕಟ್ಟಿದಾಗ ಪಕ್ಕದ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟ. ಎರಡು ದಿನ ನನ್ನ ಅಡುಗೆಯ ಹೊಗೆ ಕುಡಿದ ಕಾಳಮ್ಮ ಮೂರನೆಯ ದಿನ ನನ್ನ ಒಲೆಗೆ ನೀರು ಸುರಿದುಬಿಟ್ಟರು.

"ಗಂಡಸು ಅನ್ನ ಸೀಯಿಸೋ ವಾಸ್ನೆ ನಂಗೆ ಆಗಾಕಿಲ್ಲ ಮೇಷ್ಟ್ರೇ. ನಮ್ಮ ಜೊತೆ ಉಣ್ಣಿ."

ಹೀಗೆ ನಾನು ಆ ಮನೆಯ ಊಟಕ್ಕೆ ಸೇರಿದೆ, ಊಟದ ಜೊತೆಗೆ ಜಗಳಕ್ಕೂ ಸೇರಿದೆ.

ಕಾಳಮ್ಮನಿಗೆ ಆಗ ಐವತ್ತೈದು ಇರಬಹುದು. ಎತ್ತರದ ಆಳು, ಕಪ್ಪು ಮೈಬಣ್ಣ, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಸಂಜೆ ಜಗಲಿಯಲ್ಲಿ ಕೂತರೆ ಅವರಿಗೆ ಒಂದೇ ಮಾತು, ಬಿಳಿಗುಡ್ಡ. ಅಲ್ಲಿ ಕಣದಲ್ಲಿ ರಾಗಿ ಒಂದು ತಿಂಗಳು ಬಿದ್ದಿದ್ದರೂ ಒಂದು ಹನಿ ಬೀಳುವುದಿಲ್ಲ. ಒಗೆದ ಸೀರೆ ಒಂದು ಸಲ ಎಲೆಯಡಿಕೆ ಜಗಿಯುವುದರೊಳಗೆ ಒಣಗುತ್ತದೆ. ನೆಂಟರು ಬರುವುದು ಎರಡು ಮೈಲಿಯಿಂದಲೇ ಕಾಣುತ್ತದೆ, ಅವರು ಬಾಗಿಲಿಗೆ ಬರುವಷ್ಟರಲ್ಲಿ ಮುದ್ದೆ ಆಗಿರುತ್ತದೆ. ಇಲ್ಲಿ ಏನಿದೆ? ಬಿದಿರು ಮೆಳೆ, ಸೊಳ್ಳೆ, ಚಳಿಜ್ವರ.

ನಾನು ಬಿಡುತ್ತಿರಲಿಲ್ಲ. "ನಿಮ್ಮೂರಲ್ಲಿ ನೀರು ಕೇಳಿದರೆ ಮಜ್ಜಿಗೆ ಕೊಡುತ್ತಾರಂತೆ. ಮಜ್ಜಿಗೆ ಸುಲಭ, ನೀರು ತರೋದಕ್ಕೆ ಒಂದು ಮೈಲಿ ಹೋಗಬೇಕಲ್ಲ! ನಮ್ಮ ಚೆಟ್ಟಿಮಾನಿಯಲ್ಲಿ ಬಿದಿರ ದಬ್ಬೆ ಇಟ್ಟರೆ ಬೆಟ್ಟದ ನೀರು ಅಡುಗೆಮನೆಗೇ ಬರುತ್ತದೆ. ಚೈತ್ರದಲ್ಲೂ ನಿಲ್ಲೋದಿಲ್ಲ."

"ಬರ್ಲಿ, ಬರ್ಲಿ. ಜಿಗಣೇನೂ ಅದ್ರ ಜೊತೇಲೇ ಬತ್ತದೆ. ನಾಕು ತಿಂಗಳು ಸೂರ್ಯನ ಮುಖ ಕಾಣಾಕಿಲ್ಲ, ಬಟ್ಟೆ ಒಲೆ ಮ್ಯಾಲೆ ಒಣಗಿಸ್ತೀರಿ. ನೀವು ಮನುಷ್ಯರೋ ಕಪ್ಪೆಗಳೋ?"

ಅವರ ಮಾತು ಸುಳ್ಳಾಗಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಬೆಂಕಿಪೊಟ್ಟಣವನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಡದಿದ್ದರೆ ಕಡ್ಡಿ ಹತ್ತುತ್ತಿರಲಿಲ್ಲ. ಆದರೆ ಅದನ್ನು ನಾನು ಅವರಿಗೆ ಹೇಳುವುದುಂಟೇ? ದಬ್ಬೆಯ ನೀರೂ ಅರ್ಧ ಬಡಾಯಿ. ಅದು ನಮ್ಮ ದೊಡ್ಡಪ್ಪನ ಮನೆಯಲ್ಲಿ ಇದ್ದದ್ದು.

ಒಮ್ಮೆ ನಾನು ಈಗ ಎಲ್ಲವೂ ಒಂದೇ ರಾಜ್ಯ, ಕೊಡಗೂ ಮೈಸೂರೇ ಎಂದು ಪಾಠ ಮಾಡುವ ಧಾಟಿಯಲ್ಲಿ ಹೇಳಿದೆ. ಕಾಳಮ್ಮ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡು, "ನಾನು ಬಿಟ್ಟು ಬಂದಿದ್ದೂ ಮೈಸೂರು, ಬಂದು ಸೇರಿದ್ದೂ ಮೈಸೂರು. ಹಂಗಾದ್ರೆ ಹೊಟ್ಟೆಯೊಳಗೆ ಈ ಸಂಕಟ ಯಾಕೈತೆ ಹೇಳಿ," ಎಂದರು.

ಅವರು ಬರುವಾಗ ಎರಡು ಗಾಡಿ ರಾಗಿ ತಂದಿದ್ದರು. ಎಂಟು ವರ್ಷದ ಹಿಂದಿನ ರಾಗಿ. ಕಾಳಮ್ಮನ ಗಂಡ ತೀರಿಕೊಂಡ ವರ್ಷ ಆತನೇ ಬಿತ್ತಿ, ಆತನೇ ಕೊಯ್ದು, ಆತನೇ ಹಗೇವಿಗೆ ಸುರಿದದ್ದು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೋಣೆಯಷ್ಟು ಅಗಲ, ಎರಡಾಳು ಆಳ. ಗೋಡೆಗೆ ಹುಲ್ಲು ಸುಟ್ಟು ಕಾಯಿಸಿ, ಒಣಹುಲ್ಲು ಹಾಸಿ, ರಾಗಿ ತುಂಬಿ, ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಹುಳುವಿಲ್ಲ, ಇಲಿಯಿಲ್ಲ, ಕಳ್ಳನಿಲ್ಲ. ಅವರ ಸೀಮೆಯಲ್ಲಿ ಇಪ್ಪತ್ತು ವರ್ಷದ ರಾಗಿ ತೆಗೆದು ಉಂಡವರಿದ್ದಾರೆ. ಕಾಳಮ್ಮ ಆ ರಾಗಿಯನ್ನು ಉಣ್ಣಲೆಂದು ಇಟ್ಟವರಲ್ಲ. ವರ್ಷಕ್ಕೊಮ್ಮೆ ಗಂಡನ ಎಡೆಗೆ ಒಂದು ಮುದ್ದೆಯಾಗುವಷ್ಟು ತೆಗೆಯುತ್ತಿದ್ದರು. ಮಿಕ್ಕದ್ದು ಅಲ್ಲಿದೆ ಎಂಬುದೇ ಅವರಿಗೆ ಸಾಕಾಗಿತ್ತು.

ಇಲ್ಲಿಯೂ ಹಗೇವು ತೋಡಬೇಕೆಂದು ಹಟ ಹಿಡಿದರು. ನಮ್ಮ ಕಡೆ ಪತ್ತಾಯ ಅಂತ ಮರದ ದೊಡ್ಡ ಪೆಟ್ಟಿಗೆ ಇರುತ್ತದೆ, ಅಟ್ಟದ ಹತ್ತಿರ ಬೆಚ್ಚಗೆ ಇಟ್ಟರೆ ಭತ್ತ ಕೆಡುವುದಿಲ್ಲ, ಅದನ್ನು ಮಾಡಿಸಿ ಎಂದೆ.

"ಕಾಳು ಭೂಮ್ತಾಯಿ ಹೊಟ್ಟೇಲಿರ್ಬೇಕು. ಪೆಟ್ಟಿಗೇಲಿ ಮಡಗಾಕೆ ಅದೇನು ಒಡವೆಯಾ?" ಎಂದರು. ಆಮೇಲೆ ಮಗನ ಕಡೆ ತಿರುಗಿ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ನೋಡು ರಾಜು, ಈ ಮಳೆಗಾಲ ಕಳೀಲಿ. ಈ ಮಣ್ಣು ನಿಮ್ಮಪ್ಪನ ರಾಗಿ ಉಳಿಸಿಕೊಡ್ತು ಅಂದ್ರೆ ನಾನು ಸಾಯೋಗಂಟ ಇಲ್ಲೇ ಇರ್ತೀನಿ. ಉಳಿಸ್ಲಿಲ್ಲ ಅಂದ್ರೆ ನನ್ನ ಬಿಳಿಗುಡ್ಡಕ್ಕೆ ಹೋಯ್ತೀನಿ. ಎರಡು ಮಾತಿಲ್ಲ."

ಪುಟ್ಟರಾಜು "ಆಯ್ತವ್ವ" ಎಂದ. ತಾಯಿಗೆ ಎದುರಾಡಿದವನಲ್ಲ. ಅವನ ಆ ಒಳ್ಳೆಯತನದ ಬಗ್ಗೆ ನನಗೆ ಈಗಲೂ ಸ್ವಲ್ಪ ಕೋಪವಿದೆ.

ಚೈತ್ರದಲ್ಲಿ ತೋಡಿದಾಗ ಮಣ್ಣು ಹುಡಿಹುಡಿಯಾಗಿತ್ತು. ಕಾಳಮ್ಮ ಒಂದು ಹಿಡಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದು, "ಎಲ್ಲೈತೆ ನಿಮ್ಮ ನೀರು?" ಎಂದು ಗೆದ್ದ ಮುಖ ಮಾಡಿದರು. ನನಗೆ ಗೊತ್ತಿತ್ತು. ಹಿಂದಿನ ಆಷಾಢದಲ್ಲಿ ಶಾಲೆಯ ಬಾವುಟದ ಕಂಬಕ್ಕೆ ತೋಡಿದ ಗುಂಡಿಯಲ್ಲಿ ಮಳೆ ಬೀಳದ ದಿನವೂ ತಳದಿಂದ ನೀರು ಒಸರಿದ್ದನ್ನು ಕಣ್ಣಾರೆ ನೋಡಿದ್ದೆ. ಹೊಳೆ ಅರ್ಧ ಮೈಲಿಯಲ್ಲೇ ಇತ್ತು. ಹೇಳಿದೆ ಕೂಡ. ಆದರೆ ಹೇಗೆ ಹೇಳಿದೆ? "ಬಿತ್ತೋದು ಬೇಡಮ್ಮ, ಅಲ್ಲೇ ಮೊಳಕೆ ಬರುತ್ತದೆ, ಆಷಾಢದಲ್ಲಿ ಅಂಬಲಿ ಬಗ್ಗಿಸಿಕೊಳ್ಳಿ," ಎಂದೆ. ರಾಮಮ್ಮ ಬಾಯಿಗೆ ಸೆರಗು ಇಟ್ಟು ನಕ್ಕಳು. ಕಾಳಮ್ಮನೂ ನಕ್ಕರು. ನಾನು ಹೇಳಿದ್ದನ್ನೆಲ್ಲ ತಮಾಷೆ ಎಂದು ತಿಳಿಯುವಂತೆ ಅವರನ್ನು ಪಳಗಿಸಿದ್ದು ನಾನೇ.

ಆ ವರ್ಷ ಆಷಾಢ ಜೋರಾಗಿಯೇ ಬಂತು. ಹೊಳೆ ಕೆಂಪಗೆ ತುಂಬಿ ಗದ್ದೆಯ ಬದುವಿನವರೆಗೆ ಬಂದು ನಿಂತಿತು. ಒಂದು ಬೆಳಿಗ್ಗೆ ಹಗೇವಿನ ಮೇಲೆ ಮೆತ್ತಿದ ಮಣ್ಣು ಸಡಿಲಾಗಿ ಹುಳಿವಾಸನೆ ಬರುತ್ತಿದ್ದುದು ನನ್ನ ಮೂಗಿಗೆ ಬಡಿಯಿತು. ಓಡಿಹೋಗಿ ಹೇಳಿದೆ. ಈ ಸಲ ತಮಾಷೆ ಮಾಡಲಿಲ್ಲ.

"ಅಮ್ಮ, ಈಗಲೇ ತೆಗೆಯಿರಿ. ಅರ್ಧವಾದರೂ ಉಳಿಯುತ್ತದೆ. ನಮ್ಮ ಮನೆಯ ಥರ ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಒಣಗಿಸೋಣ. ನಾನೂ ಹೊರುತ್ತೇನೆ."

"ಮಳೇಲಿ ಹಗೇವು ತೆಗೀತಾರಾ? ಯಾರಾದ್ರೂ ಕೇಳಿದ್ರೆ ನಗ್ತಾರೆ. ಬಾಯಿ ತೆಗೆದ್ರೇನೇ ಕೆಡೋದು. ಕಾರ್ತಿಕ ಬರ್ಲಿ," ಎಂದರು. ಅವರ ಸೀಮೆಯಲ್ಲಿ ಅದು ಸತ್ಯ. ಅಲ್ಲಿ ಒಳಗೆ ಒಣಗಿರುತ್ತದೆ, ತೇವ ಹೊರಗಿನಿಂದ ಬರಬೇಕು. ಇಲ್ಲಿ ತೇವ ಒಳಗೇ ಹುಟ್ಟುತ್ತದೆ. ಇದನ್ನು ನಾನು ಬಿಡಿಸಿ ಬಿಡಿಸಿ ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿ, "ಗೆಲ್ಲಬೇಕು ಅಂತ ಎಷ್ಟು ಆಸೆ ಮೇಷ್ಟ್ರೇ ನಿಮ್ಗೆ," ಎಂದರು. ಪುಟ್ಟರಾಜುವನ್ನು ಕೇಳಿದರೆ, "ಅವ್ವ ಬ್ಯಾಡ ಅಂದ ಮ್ಯಾಲೆ ಹೆಂಗೆ ಸಾರ್," ಎಂದ.

ದೀಪಾವಳಿ ಕಳೆದು, ನೆಲ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಚಪ್ಪಡಿ ಸರಿಸಿದರು. ಪದ್ಧತಿಯಂತೆ ಮೊದಲು ಲಾಟೀನನ್ನು ಹಗ್ಗ ಕಟ್ಟಿ ಇಳಿಸಿದರು. ಒಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರಿಹೋಗುತ್ತದೆ, ಮನುಷ್ಯ ಇಳಿದರೆ ಅವನೂ ಹೋದ ಹಾಗೆಯೇ. ಲಾಟೀನು ಒಂದು ಮೊಳವೂ ಇಳಿಯಲಿಲ್ಲ, ಆರಿತು. ಹೊತ್ತಿಸಿ ಮತ್ತೆ ಇಳಿಸಿದರು, ಮತ್ತೆ ಆರಿತು. ಸೊಪ್ಪಿನ ಕೊಂಬೆಗಳನ್ನು ಕಟ್ಟಿ ಮೇಲೆ ಕೆಳಗೆ ಆಡಿಸಿ ಮಧ್ಯಾಹ್ನದವರೆಗೂ ಗಾಳಿ ಹೊಡೆದರು. ಕೊನೆಗೆ ದೀಪ ನಿಂತಿತು. ಪುಟ್ಟರಾಜು ಇಳಿದು ಕುಕ್ಕೆ ತುಂಬಿ ಕಳಿಸಿದ. ಬಂದದ್ದು ರಾಗಿಯಲ್ಲ. ಕಪ್ಪು ಹೆಂಟೆ. ದನಗಳು ಮೂಸಿ ತಿರುಗಿ ಹೋದವು.

ಕಾಳಮ್ಮ ಒಂದು ಹೆಂಟೆಯನ್ನು ಒಡೆದು ನೋಡಿದರು. ಇನ್ನೊಂದನ್ನು ಒಡೆದರು. ಹೀಗೆ ಇಪ್ಪತ್ತು ಮೂವತ್ತು ಹೆಂಟೆ ಒಡೆದರು. ಒಂದು ಹಿಡಿ ಕಾಳಿಗಾಗಿ. ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡು, "ಅವ್ರು ಹೋಗಿ ಎಂಟು ವರ್ಷ ಆಯ್ತು ಅಂತಿದ್ದೆ. ಇವತ್ತು ಹೋದ್ರು," ಎಂದು ಒಳಗೆ ನಡೆದರು. ನಾನು ಗೆದ್ದಿದ್ದೆ, ಅದಕ್ಕಿಂತ ನಾಚಿಕೆಯ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ನಾಲ್ಕು ದಿನ ಬಿಟ್ಟು ಅವರು ಹೊರಟರು. ಆ ಬೆಳಿಗ್ಗೆ ಅವರು ಮಾಡಿದ್ದೆಲ್ಲ ನನಗೆ ಒಂದೊಂದೂ ನೆನಪಿದೆ. ಗಂಟು ಕಟ್ಟಿಟ್ಟು ಕರುವಿಗೆ ಹುಲ್ಲು ಹಾಕಿದರು. ಹೆಪ್ಪು ಹಾಕುವುದು ಹೇಗೆಂದು ರಾಮಮ್ಮನಿಗೆ ಹೊಸದಾಗಿ ಹೇಳಿಕೊಟ್ಟರು. ಅವಳು ಹತ್ತು ವರ್ಷದಿಂದ ಹೆಪ್ಪು ಹಾಕುತ್ತಿದ್ದವಳು. ಹಿತ್ತಲ ಅವರೆಬಳ್ಳಿಗೆ ಕಡ್ಡಿ ಊರಿದರು. ಮೊದಲ ಬಸ್ಸಿನ ಹೊತ್ತು ಮೀರಿತು. "ಹೋಗ್ಲಿ, ಮುಂದಿಂದು ಐತಲ್ಲ," ಎಂದು ಜಗಲಿಯಲ್ಲಿ ಕೂತರು. ಪುಟ್ಟರಾಜು ಗಂಟು ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದ. ರಾಮಮ್ಮ ಅಳುತ್ತಿದ್ದಳು. ನಾನು ಆ ಬಿಗುವನ್ನು ಸಡಿಲಿಸಬೇಕೆಂದು ಬಾಯಿ ತೆರೆದೆ.

"ಎಂಟು ದಿನ ಅಷ್ಟೇ. ಕಾಲು ತೊಳೆಯೋದಕ್ಕೂ ನೀರಿಲ್ಲದೆ ನೀವಾಗಿಯೇ ವಾಪಸು ಬರ್ತೀರಿ, ನೋಡ್ತಾ ಇರಿ!"

ಕಾಳಮ್ಮ ನನ್ನನ್ನು ಒಂದು ಸಲ ನೋಡಿದರು. ಎದ್ದು ಸೆರಗು ಕೊಡವಿ, ಮಗನ ಕೈಯಿಂದ ಗಂಟು ಕಿತ್ತುಕೊಂಡು ರಸ್ತೆಯ ಕಡೆ ನಡೆದರು.

ಎಂಟು ದಿನಕ್ಕೆ ಬರಲಿಲ್ಲ. ಎಂಟು ತಿಂಗಳಿಗೂ ಬರಲಿಲ್ಲ. ಅಲ್ಲಿ ಮೈದುನನ ಮನೆಯಲ್ಲಿ ಚೆನ್ನಾಗಿದ್ದಾರೆ ಎಂದು ಸುದ್ದಿ ಬರುತ್ತಿತ್ತು. ಸಂಜೆಯಾದರೆ ಜಗಲಿ ಬಿಕೋ ಎನ್ನುತ್ತಿತ್ತು. ನಾನು ಚೆಟ್ಟಿಮಾನಿಯ ನೀರಿನ ಬಗ್ಗೆ ಹೇಳಿದರೆ ರಾಮಮ್ಮ "ಹೌದಾ ಮೇಷ್ಟ್ರೇ" ಎಂದು ಒಪ್ಪಿಬಿಡುತ್ತಿದ್ದಳು. ಒಪ್ಪುವವರ ಮುಂದೆ ಊರನ್ನು ಹೊಗಳುವುದರಲ್ಲಿ ಏನಿದೆ? ರಜಕ್ಕೆ ಮನೆಗೆ ಹೋದಾಗ ಅವ್ವ, "ಅಲ್ಲಿ ಮಳೆ ಉಟ್ಟಾ ಮಗಾ?" ಎಂದು, ಮಳೆ ಉಂಟೇ ಎಂದು, ನಮ್ಮ ಮನೆಮಾತಿನಲ್ಲಿ ಕೇಳಿದರೆ ಬಿಳಿಗುಡ್ಡದ ಬಿಸಿಲಿನ ಕಥೆ ಹೇಳುತ್ತಾ ಕೂರುತ್ತಿದ್ದೆ. ಆ ಊರನ್ನು ನಾನು ನೋಡಿಯೇ ಇರಲಿಲ್ಲ.

ನೋಡಿದ್ದು ೧೯೬೧ರ ಮಾರ್ಚಿನಲ್ಲಿ. ತಿಪಟೂರಿನಲ್ಲಿ ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರ ಮದುವೆ ಮುಗಿಸಿ ಬರುವಾಗ ಅರಸೀಕೆರೆಯಲ್ಲಿ ಇಳಿದು, ಕೇಳಿಕೊಂಡು ನಡೆದೆ. ಕಾಳಮ್ಮ ಹೇಳಿದ್ದು ಒಂದೂ ಸುಳ್ಳಲ್ಲ. ಎರಡು ಮೈಲಿಯಿಂದಲೇ ಊರು ಕಂಡಿತು. ಆಕಾಶ ಅಷ್ಟಗಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು, ಆದರೂ ಎದೆ ಹಗುರವಾದಂತಿತ್ತು.

ಮನೆಯ ಜಗಲಿಯಲ್ಲಿ ನಾಲ್ಕೈದು ಹೆಂಗಸರು ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನನಗೆ ಬೆನ್ನು ಮಾಡಿ ಕಾಳಮ್ಮ. ನಾನು ಬೇವಿನ ಮರದ ಕೆಳಗೆ ನಿಂತೆ, ಅವರ ದನಿ ಕೇಳಿ.

"ನಿಮ್ಗೇನು ಗೊತ್ತು ನೀರು ಅಂದ್ರೆ? ಚೆಟ್ಟಿಮಾನಿ ಅಂತ ಒಂದೂರೈತೆ. ಬಿದಿರು ದಬ್ಬೆ ಮಡಗಿದ್ರೆ ಬೆಟ್ಟದ ನೀರು ಅಡುಗೆಮನೇಗೇ ಬತ್ತದೆ. ಕೊಡ ಹೊರಂಗೇ ಇಲ್ಲ. ಚೈತ್ರದಾಗೂ ನಿಲ್ಲಾಕಿಲ್ಲ ಕಣ್ರೇ, ನಾನೇ ಕಂಡಿವ್ನಿ. ಇಲ್ಲೇನೈತೆ? ಧೂಳು."

"ಅಷ್ಟು ಚೆಂದಾಗಿದ್ರೆ ನಿನ್ನೂರಿಗೆ ನೀನು ಯಾಕೆ ಹೋಗಲ್ಲ?" ಎಂದು ಒಬ್ಬಳು ಕೇಳಿ ನಕ್ಕಳು. ಕಾಳಮ್ಮ ಬೀಜ ತೆಗೆದು ಬುಟ್ಟಿಗೆ ಎಸೆದರು. ಆಗ ಇನ್ನೊಬ್ಬಳು ನನ್ನನ್ನು ಕಂಡಳು, ಕಾಳಮ್ಮನೂ ತಿರುಗಿದರು.

ಒಂದು ಕ್ಷಣ ಅವರ ಮುಖ ಅರಳಿತು. ಮರುಕ್ಷಣ ಬಿಗಿದುಕೊಂಡು, "ಬಂದ್ರಾ? ನೋಡಿ, ಎಂಥ ಬಿಸಿಲು ನಮ್ಮೂರಾಗೆ! ನಿಮ್ಮ ಕೆಸರಿಗಿಂತ ಸಾವಿರ ಪಾಲು ವಾಸಿ," ಎಂದರು.

ನನಗೆ ನಗು ಬರಲಿಲ್ಲ. "ಹೌದಮ್ಮ, ನಿಮ್ಮೂರು ಬಹಳ ಚೆನ್ನಾಗಿದೆ," ಎಂದೆ.

ಜಗಳಕ್ಕೆ ಸಿದ್ಧವಾಗಿದ್ದ ಅವರ ಕೈ ಮಡಿಲಿಗೆ ಬಿತ್ತು. ಹೆಂಗಸರು ಎದ್ದು ಹೋದ ಮೇಲೆ ಮಜ್ಜಿಗೆ ತಂದುಕೊಟ್ಟು ಎದುರಿಗೆ ಕೂತು ಮೆಲ್ಲಗೆ ಕೇಳಿದರು.

"ರಾಜು ಕಳಿಸಿದ್ನಾ?"

ಹೌದು ಎನ್ನುವುದು ನನಗೇನೂ ಕಷ್ಟವಿರಲಿಲ್ಲ. ಎಷ್ಟೋ ಬಡಾಯಿ ಹೇಳಿದವನು. "ಇಲ್ಲ. ನಾನೇ ಬಂದೆ," ಎಂದೆ.

"ಅವತ್ತು ಒಬ್ರೂ ಇರು ಅನ್ನಲಿಲ್ಲ ಮೇಷ್ಟ್ರೇ," ಎಂದರು ಕಾಳಮ್ಮ. "ಒಂದು ಬಸ್ಸು ಬಿಟ್ಟೆ. ಯಾರಾದ್ರೂ ಅಂದಾರು ಅಂತ ಕೂತೆ. ಹೋಯ್ತೀನಿ ಅಂದಿದ್ದು ನಾನೇ, ದಿಟ. ಅಂದೋಳ ಬಾಯಿ ಅದು. ಅದನ್ನ ಮುರಿಯಾಕೆ ಇನ್ನೊಂದು ಬಾಯಿ ಬ್ಯಾಡ್ವಾ?"

ನಾನು ತಲೆ ತಗ್ಗಿಸಿಕೊಂಡು ಮಜ್ಜಿಗೆ ಕುಡಿದೆ. ಅವತ್ತು ಅಲ್ಲಿದ್ದ ಇನ್ನೊಂದು ಬಾಯಿ ನನ್ನದು. ಅದು ಆಡಿದ್ದೇನೆಂದು ಇಬ್ಬರಿಗೂ ನೆನಪಿತ್ತು. ಹೊರಡುವಾಗ, ಈಗಲೇ ನನ್ನ ಜೊತೆ ಬನ್ನಿ ಎಂದು ಕರೆದೆ. ತಲೆಯಾಡಿಸಿದರು. "ಕರೆಯೋನು ಕರೀಬೇಕು," ಎಂದರು.

ಮನೆಗೆ ಬಂದು ಪುಟ್ಟರಾಜುವಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ನೊಗ ಕಟ್ಟುತ್ತಿದ್ದವನು ಅಲ್ಲೇ ನೆಲಕ್ಕೆ ಕುಸಿದ. "ಅವ್ವಂಗೆ ಅಲ್ಲೇ ಸುಖ ಅಂದ್ಕೊಂಡಿದ್ದೆ ಸಾರ್. ಇರು ಅಂದ್ರೆ ನನ್ನ ಸುಖಕ್ಕೆ ಕಟ್ಟಾಕಿದಂಗೆ ಆಯ್ತದೆ ಅಂತ, ನಾಲಿಗೆ ತುದೀಗೆ ಬಂದಿದ್ದು ನುಂಗ್ಕೊಂಡೆ." ಒಂದೂವರೆ ವರ್ಷ ಅವನು ಅದನ್ನು ನುಂಗಿಕೊಂಡೇ ಇದ್ದ. ಅದೇ ಅಂಗಿಯಲ್ಲಿ ಹೊರಟು ಸಿಕ್ಕ ಬಸ್ಸು ಹತ್ತಿದ, ಮೂರನೆಯ ದಿನ ತಾಯಿಯನ್ನು ಕರೆದುಕೊಂಡು ಬಂದ.

ಕಾಳಮ್ಮ ಅಂಗಳಕ್ಕೆ ಕಾಲಿಡುತ್ತಲೇ ಸೊಳ್ಳೆಗೆ ಬೈದರು. ಮುಂದೆ ಹದಿಮೂರು ವರ್ಷ, ಸಾಯುವವರೆಗೂ ಅಲ್ಲೇ ಇದ್ದರು. ಒಂದು ದಿನವೂ ಆ ನೆಲವನ್ನು ಹೊಗಳಲಿಲ್ಲ. ಮಳೆಗಾಲದಲ್ಲಿ ಬಿಳಿಗುಡ್ಡದ ದಿಕ್ಕಿಗೆ ಮುಖ ಮಾಡಿ ಕೂತು ಬಿಸಿಲನ್ನು ನೆನೆಯುತ್ತಿದ್ದರು. ಆ ಸಂಕಟ ಅವರಿಗೆ ಕೊನೆಯವರೆಗೂ ಹೋಗಲಿಲ್ಲ, ಹೋಯಿತೆಂದು ನಾನು ಬರೆದರೆ ಸುಳ್ಳಾಗುತ್ತದೆ.

ಅವರು ಮರಳಿದ ಮಾರನೆಯ ವರ್ಷ, ೧೯೬೨ರ ಜೂನಿನಲ್ಲಿ, ನನ್ನ ನಾಲ್ಕನೆಯ ಅರ್ಜಿಗೆ ಉತ್ತರ ಬಂತು. ಚೆಟ್ಟಿಮಾನಿಗೇ ವರ್ಗ. ಹಾಸಿಗೆ, ಟ್ರಂಕು ಕಟ್ಟಿಕೊಂಡು ರಸ್ತೆಗೆ ಬಂದಾಗ ಕಾಳಮ್ಮನೂ ಜೊತೆಗೆ ಬಂದರು. ಬಸ್ಸು ತಿರುವಿನಲ್ಲಿ ಕಾಣಿಸಿತು. ಅವರು ನನ್ನ ಟ್ರಂಕಿನ ಮೇಲೆ ಕೈ ಇಟ್ಟರು.

"ಹೋಗ್ಬ್ಯಾಡಿ ಮೇಷ್ಟ್ರೇ. ಇಲ್ಲೇ ಇದ್ಬಿಡಿ."

"ಆರ್ಡರ್ ಬಂದಿದೆಯಲ್ಲಮ್ಮ. ನಾನೇ ಕೇಳಿಕೊಂಡದ್ದು."

"ಗೊತ್ತು. ನೀವು ನಿಲ್ಲೋರಲ್ಲ, ನಿಮ್ಮೂರಿನ ನೀರು ಕರೀತೈತೆ. ಆದ್ರೂ ನಾನು ಹೇಳ್ದೆ ಕಳಿಸಾಕಿಲ್ಲ. ಇರಿ."

ಕಂಡಕ್ಟರ್ ಟ್ರಂಕನ್ನು ಎತ್ತಿ ಮೇಲೆ ಹಾಕಿದ. ನಾನು ಹತ್ತಿದೆ. ನನ್ನ ಬಾಯಿಗೆ ಒಂದು ತಮಾಷೆಯ ಮಾತೂ ಬರಲಿಲ್ಲ. ಮಡಿಕೇರಿ ದಾಟುತ್ತಲೇ ಮಳೆ ಹಿಡಿಯಿತು, ನಾಲ್ಕು ವರ್ಷ ಹಗಲೆಲ್ಲ ಹಂಬಲಿಸಿದ ಅದೇ ಮಳೆ. ಬಸ್ಸಿನ ಟಾರ್ಪಾಲು ಇಳಿಸಿಕೊಂಡು, ಅದರ ಹಿಂದೆ ಕೂತು ಅತ್ತೆ.